ಸೂರಿನ ಕೊಕ್ಕೆ

ಮನೆಯಲ್ಲಿ ವಾಸಮಾಡುವ ನಾವು ಮನೆಯನ್ನೆಲ್ಲ ನೋಡಿಕೊಂಡಿದ್ದೇವೆಂದು ತಿಳಿದಿರುತ್ತೇವೆ. ಅದು ಬರಿಯ ಭ್ರಮೆ. ನೆಲವನ್ನು ನೋಡುತ್ತೇವೆ, ಕಸವಿದ್ದರೆ ಕಾಲಿಗೆ ತಿಳಿಯುತ್ತದೆ. ಗೋಡೆಯನ್ನು ನೋಡುತ್ತೇವೆ, ಅಲ್ಲಿ ಕ್ಯಾಲೆಂಡರಿದೆ, ಗಡಿಯಾರವಿದೆ, ಮಕ್ಕಳು ಪೆನ್ಸಿಲ್ಲಿನಿಂದ ಎಳೆದ ಗೆರೆಗಳಿವೆ. ಸೂರನ್ನು ಮಾತ್ರ ಯಾರೂ ನೋಡುವುದಿಲ್ಲ. ಜ್ವರ ಬಂದು ಅಂಗಾತ ಮಲಗಿದಾಗ ದೃಷ್ಟಿ ಅಷ್ಟು ಹೊತ್ತು ಮೇಲಕ್ಕೆ ಹೋಗುತ್ತದೆ. ಜ್ವರ ಇಳಿದ ಕೂಡಲೇ ಸೂರೂ ಮರೆತುಹೋಗುತ್ತದೆ. ಇಂಥ ಮರೆತ ಜಾಗದಲ್ಲಿ ನಾಲ್ಕು ಕಿಲೋ ತೂಕದ ಒಂದು ಯಂತ್ರವನ್ನು ತೂಗುಹಾಕಿ, ಅದನ್ನು ನಿಮಿಷಕ್ಕೆ 350 ಸುತ್ತು ತಿರುಗಲು ಬಿಟ್ಟು, ಅದರ ನೇರ ಕೆಳಗೆ ಹಾಸಿಗೆ ಹಾಸಿ, ಹೆಂಡತಿ ಮಕ್ಕಳೊಂದಿಗೆ ನಿಶ್ಚಿಂತೆಯಾಗಿ ಮಲಗುತ್ತೇವೆ. ಎಂಟು ಗಂಟೆಯ ನಿದ್ರೆಗೆ ಅದು 1,68,000 ಸುತ್ತು ಸುತ್ತಿರುತ್ತದೆ. ಇಷ್ಟೊಂದು ಧೈರ್ಯಕ್ಕೆ ಆಧಾರವೇನೆಂದು ವಿಚಾರಿಸಿದರೆ, ಒಂದು ಕೊಕ್ಕೆ! ಅದನ್ನೂ ನಾವು ನೋಡಿದ್ದಿಲ್ಲ. ಅದರ ಮೇಲೆ ಒಂದು ಬಟ್ಟಲನ್ನು ಕವುಚಿ ಮುಚ್ಚಿರುತ್ತಾರೆ.

ಈ ಬೇಸಗೆಯಲ್ಲಿ ನನಗೆ ಮೂರು ಊರುಗಳ ಮೂರು ಸೂರುಗಳನ್ನು ಕತ್ತೆತ್ತಿ ನೋಡುವ ಯೋಗ ಒದಗಿಬಂತು. ಕಾರಣ, ರಿಮೋಟಿನಿಂದ ನಡೆಯುವ ಮೂರು ಫ್ಯಾನುಗಳು. ಒಂದು ತುಮಕೂರಿನ ನಮ್ಮ ಮನೆಗೆ, ಒಂದು ಕುಣಿಗಲಿನಲ್ಲಿರುವ ನನ್ನ ಭಾವಮೈದುನನ ಮನೆಗೆ, ಮತ್ತೊಂದು ಗುಬ್ಬಿಯಲ್ಲಿ ಒಬ್ಬರೇ ಇರುವ ನಮ್ಮ ತಾಯಿಗೆ. ನಿಜವಾಗಿ ಬೇಕಾಗಿದ್ದದ್ದು ಆ ಮೂರನೆಯದೇ. ಎಂಬತ್ತು ದಾಟಿದ ಅಮ್ಮನಿಗೆ ಮಂಡಿನೋವು. ನಡುರಾತ್ರಿ ಸೆಕೆಯಾದರೆ ಫ್ಯಾನು ಹಾಕಲು ಏಳಬೇಕು. ಬೆಳಗಿನ ಜಾವ ಚಳಿಯಾದರೆ ನಿಲ್ಲಿಸಲು ಏಳಬೇಕು. ಸ್ವಿಚ್ಚು ಇರುವುದು ಬಾಗಿಲ ಸಂದಿಯಲ್ಲಿ. ಕತ್ತಲೆಯಲ್ಲಿ ಗೋಡೆ ತಡವುತ್ತ ಹೋದವರು ಹೊಸ್ತಿಲು ಎಡವಿ ಬಿದ್ದರೆ ಆ ವಯಸ್ಸಿನಲ್ಲಿ ಮುರಿದ ಮೂಳೆ ಕೂಡುವುದೆಂದೇನು! ಹಾಸಿಗೆಯಲ್ಲಿಯೇ ಕೂತು ಗಾಳಿಯನ್ನು ಕರೆದು ಕಳುಹಿಸುವಂತಾದರೆ ಎಷ್ಟೋ ವಾಸಿ ಎಂದು ನನ್ನ ಲೆಕ್ಕ.

ದೂರ ಕುಳಿತು ಗಾಳಿಯನ್ನು ಆಳುವ ಆಸೆ ರಿಮೋಟಿನ ಜತೆಗೆ ಹುಟ್ಟಿದ್ದೇನೂ ಅಲ್ಲ. ನಮ್ಮ ಭಾಷೆಯ ‘ಬೀಸು’ ಎಂಬ ಧಾತುವನ್ನೇ ನೋಡಿ. ರಾಗಿ ಬೀಸುವುದೂ ಅದೇ, ಬಲೆ ಬೀಸುವುದೂ ಅದೇ, ಗಾಳಿ ಬೀಸುವುದೂ ಅದೇ. ಮೊದಲಿನ ಎರಡಕ್ಕೂ ಒಂದು ತೋಳು ಬೇಕು, ಮೂರನೆಯದಕ್ಕೆ ಬೇಡ. ಆದರೆ ಗಾಳಿ ತಾನಾಗಿ ಬೀಸದಿದ್ದಾಗ ಅದಕ್ಕೂ ಯಾರದಾದರೂ ತೋಳೇ ಗತಿ. ಲಾವಂಚದ ಬೀಸಣಿಗೆಯಲ್ಲಿ ಬೀಸುವವರ ತೋಳೂ ತಂಪು ಪಡೆಯುವವರ ಮುಖವೂ ಹತ್ತಿರ ಹತ್ತಿರ ಇರುತ್ತಿದ್ದುವು. ದೊರೆಗಳ ಕಾಲದ ಕಚೇರಿ, ಬಂಗಲೆಗಳಿಗೆ ಪಂಖಾ ಬಂದಾಗ ಇವೆರಡೂ ದೂರವಾದುವು. ಸೂರಿನಿಂದ ಬಟ್ಟೆಯ ದೊಡ್ಡ ಚೌಕಟ್ಟನ್ನು ಇಳಿಬಿಟ್ಟು, ಅದರ ಹಗ್ಗವನ್ನು ಗೋಡೆಯ ಕಂಡಿಯಿಂದ ಜಗಲಿಗೆ ಹಾಯಿಸುತ್ತಿದ್ದರು. ಜಗಲಿಯಲ್ಲಿ ಕುಳಿತ ಆಳು ಹಗ್ಗ ಎಳೆಯುತ್ತಿದ್ದ. ಒಳಗಿನವರಿಗೆ ಗಾಳಿ, ಅವನಿಗೆ ಬೆವರು. 1880ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಎಂಬಾತ ಹೊಲಿಗೆಯಂತ್ರದ ಮೋಟಾರಿಗೆ ರೆಕ್ಕೆ ಕಟ್ಟಿ ಸೂರಿಗೆ ತಗುಲಿಸಿದ. ಆಳಿನ ಕೆಲಸ ತಪ್ಪಿತು. ತೋಳಿನ ಜಾಗಕ್ಕೆ ತಂತಿ ಬಂತು. ನಮ್ಮ ಸೀಮೆಯಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ನಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಬಯಲಿನ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಫಲಕಗಳು ಹರಡಿವೆ. ಯಾವ ಬಿಸಿಲು ನಮ್ಮನ್ನು ಬೇಯಿಸುತ್ತದೆಯೋ ಅದೇ ಬಿಸಿಲಿನಿಂದ ಬೀಸಣಿಗೆ ಬೀಸಿಸಿಕೊಳ್ಳುವ ಕಾಲ ಇದು.

ಅಂಗಡಿಯವನು ಹೊಸ ಫ್ಯಾನಿನ ಗುಣಗಾನ ಮಾಡಿದ. ಹಳೆಯ ಜಾತಿಯ ಫ್ಯಾನು ಪೂರ್ತಿ ವೇಗದಲ್ಲಿ 70ರಿಂದ 75 ವ್ಯಾಟ್ ತಿನ್ನುತ್ತದೆ, ಬಿ.ಎಲ್.ಡಿ.ಸಿ. ಎಂಬ ಹೊಸ ಜಾತಿಯದಕ್ಕೆ 28ರಿಂದ 35 ವ್ಯಾಟ್ ಸಾಕು. ಅದರ ಒಳಗೆ ಆಯಸ್ಕಾಂತಗಳಿವೆ. ಮನೆಗೆ ಬರುವ ಏಸಿ ವಿದ್ಯುತ್ತನ್ನು ಅದೇ ಡೀಸಿಯಾಗಿ ಮಾರ್ಪಡಿಸಿಕೊಂಡು, ಯಾವ ಕ್ಷಣದಲ್ಲಿ ಯಾವ ಸುರುಳಿಗೆ ಎಷ್ಟು ಕೊಡಬೇಕೆಂದು ಒಂದು ಪುಟ್ಟ ಎಲೆಕ್ಟ್ರಾನಿಕ್ ಹಲಗೆ ತೀರ್ಮಾನಿಸುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿಗೆ ಹದಿಮೂರು ಯೂನಿಟ್ಟಿನಷ್ಟು ಉಳಿತಾಯ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಯೂನಿಟ್ಟಿನ ಲೆಕ್ಕ ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕದಷ್ಟೇ ಮುಖ್ಯವಾಗಿದೆಯಾಗಿ ನನ್ನ ಹೆಂಡತಿ ತಲೆಯಾಡಿಸಿದಳು. ಫ್ಯಾನಿಗೆ ನಕ್ಷತ್ರದ ಚೀಟಿ ಕಡ್ಡಾಯವಾದದ್ದೂ ಅದೇ ವರ್ಷದ ಜನವರಿ 1ರಿಂದ. ಐ.ಎಸ್.ಐ. ಗುರುತನ್ನೂ ನಕ್ಷತ್ರಗಳನ್ನೂ ನೋಡಿ ಕೊಂಡೆವು. ಇಡೀ ವ್ಯಾಪಾರದಲ್ಲಿ ಅಂಗಡಿಯವನ ಕೈ ರಿಮೋಟನ್ನು ಬಿಡಲೇ ಇಲ್ಲ. ಕೊಕ್ಕೆಯ ಮಾತನ್ನು ಅವನೂ ಎತ್ತಲಿಲ್ಲ, ಗಿರಾಕಿಗಳು ಯಾರೂ ಕೇಳಿದಂತೆಯೂ ಕಾಣಲಿಲ್ಲ.

ಕೇಳಿದವರು ನಮ್ಮ ವೈರಿಂಗ್ ಮೇಸ್ತ್ರಿ. ಐವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮನೆಯೊಳಕ್ಕೆ ಕಾಲಿಟ್ಟರೆ ಅವರು ಮೊದಲು ನೋಡುವುದು ಯಜಮಾನನ ಮುಖವನ್ನಲ್ಲ, ಸೂರನ್ನು. ತುಮಕೂರಿನ ನಮ್ಮ ಮನೆ 1990ರ ದಶಕದ್ದು, ಕಾಂಕ್ರೀಟಿನ ತಾರಸಿ. ತಾರಸಿ ಹಾಕುವಾಗಲೇ ಒಳಗಿನ ಕಬ್ಬಿಣಕ್ಕೆ ಬಿಗಿದು ಕಟ್ಟಿದ ಕೊಕ್ಕೆ. ಅದು ಭದ್ರವೆಂದು ಕಂಡರೂ ಅವರು ಏಣಿ ಹತ್ತಿ, ತುಕ್ಕನ್ನು ಉಜ್ಜಿ, ಸವೆದಿದೆಯೇ ಎಂದು ಬೆರಳಾಡಿಸಿ ನೋಡಿದರು. ಇದಕ್ಕೂ ಮೊದಲು ಮಾಡಿದ ಕೆಲಸವೊಂದಿದೆ. ನಮ್ಮದು ಇನ್ನೂ ಪಿಂಗಾಣಿ ಫ್ಯೂಸಿನ ಹಲಗೆ. ಮೇಸ್ತ್ರಿ ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸನ್ನು ಕಿತ್ತು, ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ಕರೆಂಟು ನನ್ ಜೇಬಲ್ಲೈತೆ ಸಾರ್. ಈಗ ಯಾರೇನು ಒತ್ತಿದ್ರೂ ಬರಾಕಿಲ್ಲ” ಎಂದರು.

ಬಳಿಕ ಗೋಡೆಯ ರೆಗ್ಯುಲೇಟರನ್ನು ಬಿಚ್ಚಿದರು. ವರ್ಷಗಳಿಂದ ಕಟಕಟನೆ ತಿರುಗಿಸಿ ಅಭ್ಯಾಸವಾಗಿದ್ದ ತಿರುಗಣೆ. ಇರಲಿ ಬಿಡಿ ಎಂದಳು ನನ್ನ ಹೆಂಡತಿ. ಅವರು ಒಪ್ಪಲಿಲ್ಲ. ಹೊಸ ಫ್ಯಾನಿನ ಎಲೆಕ್ಟ್ರಾನಿಕ್ ಹಲಗೆಗೆ ಪೂರ್ತಿ ವಿದ್ಯುತ್ತು ನೇರವಾಗಿ ಹೋಗಬೇಕು. ರೆಗ್ಯುಲೇಟರು ನಡುವೆ ನಿಂತು ಕಡಿಮೆ ಮಾಡಿ ಕೊಟ್ಟರೆ ಆ ಹಲಗೆ ತಡವರಿಸುತ್ತದೆ, ಸುಟ್ಟರೂ ಸುಟ್ಟೀತು. “ಒಂದ್ ಮನೇಲಿ ಇಬ್ರು ಯಜಮಾನ್ರಾದ್ರೆ ಸಂಸಾರ ನಡೀತದಾ, ಅಮ್ಮಾ?” ಎಂದರು. ಆಕೆ ನನ್ನ ಕಡೆ ನೋಡಿದಳು. ನಾನು ಸೂರನ್ನು ನೋಡಿದೆ. ರೆಗ್ಯುಲೇಟರು ಹೋಯಿತು, ಸ್ವಿಚ್ಚು ಉಳಿಯಿತು.

ಇನ್ನು ಫ್ಯಾನನ್ನು ಏರಿಸುವ ಕ್ರಮ. ರಾಡಿನ ಮೇಲ್ತುದಿಯ ರಬ್ಬರು ಉರುಳೆ ಕೊಕ್ಕೆಯಲ್ಲಿ ಕೂತಿತು. ಅದರೊಳಗೆ ಬೋಲ್ಟು, ಬೋಲ್ಟಿಗೆ ನಟ್ಟು, ನಟ್ಟಿನಾಚೆ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್. ಈ ಪಿನ್ನು ಹೆಂಗಸರ ಹೇರ್‌ಪಿನ್ನಿನಷ್ಟೇ ಇದೆ. ತೂರಿಸಿದ ಮೇಲೆ ಅದರ ಎರಡು ಕಾಲುಗಳನ್ನು ಅಗಲಿಸಿ ಬಗ್ಗಿಸಬೇಕು. ಫ್ಯಾನಿನ ನಡುಕಕ್ಕೆ ನಟ್ಟು ದಿನಕ್ಕೊಂದು ಕೂದಲೆಳೆಯಷ್ಟು ಸಡಿಲವಾದರೂ ಈ ಪಿನ್ನು ಅದನ್ನು ಕಳಚಗೊಡುವುದಿಲ್ಲ. ಇದಲ್ಲದೆ ಪೆಟ್ಟಿಗೆಯಲ್ಲಿ ಉಕ್ಕಿನ ಒಂದು ಸಣ್ಣ ಹಗ್ಗವೂ ಇತ್ತು. ರಾಡು ಜಾರಿದರೂ ಫ್ಯಾನು ನೆಲಕ್ಕೆ ಬೀಳದಂತೆ ಹಿಡಿಯುವುದು ಅದರ ಕೆಲಸ. ಎಷ್ಟೋ ಮನೆಗಳಲ್ಲಿ ಅದು ಪೆಟ್ಟಿಗೆಯೊಂದಿಗೆ ಅಟ್ಟ ಸೇರುತ್ತದೆಯಂತೆ. ಹಸಿರು ಅರ್ಥಿಂಗ್ ತಂತಿಯನ್ನೂ ಜೋಡಿಸಿದರು. ರೆಕ್ಕೆಗಳು ನೆಲದಿಂದ ಎಂಟು ಅಡಿಗೆ ಕಡಿಮೆಯಿಲ್ಲವೆಂದೂ, ಗಾಳಿ ಎಳೆದುಕೊಳ್ಳಲು ಸೂರಿನಿಂದ ಅಡಿಯಷ್ಟು ದೂರವಿದೆಯೆಂದೂ ಅಳೆದರು. ಒಂದು ಕೋಲು ಹಿಡಿದು ಮೂರು ರೆಕ್ಕೆಗಳ ತುದಿಯೂ ಸೂರಿನಿಂದ ಸಮದೂರದಲ್ಲಿದೆಯೇ ಎಂದು ನೋಡಿದರು. ಒಂದು ಪೆಟ್ಟಿಗೆಯ ರೆಕ್ಕೆಗಳು ಒಂದೇ ತೂಕಕ್ಕೆ ಕೂಡಿಸಿದವು, ಬೇರೆ ಪೆಟ್ಟಿಗೆಯವನ್ನು ಬೆರೆಸಬಾರದು ಎಂದು ಹುಡುಗನಿಗೆ ಹೇಳಿದರು. ಎಲ್ಲ ಮುಗಿದ ಮೇಲೆ ಜೇಬಿನಿಂದ ಫ್ಯೂಸು ಹೊರಬಂತು.

ಮುಂದಿನ ಭಾನುವಾರ ಕುಣಿಗಲಿಗೆ ಹೋದೆವು. ಜನಪದರ ಬಾಯಲ್ಲಿ ಹಾಡಾದ ಕೆರೆಯ ಊರು, ಕುದುರೆ ಫಾರಮ್ಮಿನ ಊರು. ಭಾವಮೈದುನನ ಮನೆ ಹೊಸದು. ಫ್ಯೂಸಿನ ಬದಲು ಎಂ.ಸಿ.ಬಿ. ಗುಬಟುಗಳ ಸಾಲು. ಮೇಸ್ತ್ರಿ ಮೇನ್ ಇಳಿಸಿ, ಜೇಬಿಗೆ ಹಾಕಿಕೊಳ್ಳಲು ಏನೂ ಸಿಗದ್ದರಿಂದ ಅದರ ಮೇಲೆ ಟೇಪು ಸುತ್ತಿ, ಭಾವಮೈದುನನ ಮಗನನ್ನು ಕಾವಲಿಗೆ ನಿಲ್ಲಿಸಿದರು. ಕೋಣೆಯ ಸ್ವಿಚ್ಚೂ ಆರಿತ್ತು. ಹಗಲು ಹೊತ್ತು, ಎಲ್ಲಿಯೂ ದೀಪವಿಲ್ಲ. ಹುಡುಗ ಏಣಿ ಹತ್ತಿ, ಹಳೆಯ ಫ್ಯಾನಿನ ಬಟ್ಟಲನ್ನು ಇಳಿಸಿ ತಂತಿಗೆ ಕೈಹಾಕುವುದರಲ್ಲಿದ್ದ.

“ತಡಿಯೋ” ಎಂದರು ಮೇಸ್ತ್ರಿ. ತಾವೇ ಹತ್ತಿ ಟೆಸ್ಟರನ್ನು ತಂತಿಗೆ ಮುಟ್ಟಿಸಿದರು. ಅದರ ಹೊಟ್ಟೆಯ ಕೆಂಪು ದೀಪ ಹತ್ತಿಕೊಂಡಿತು.

ನಾವೆಲ್ಲ ಸ್ತಬ್ಧರಾದೆವು. ಮೇನ್ ಇಳಿದಿದೆ, ಸ್ವಿಚ್ಚು ಆರಿದೆ, ಆದರೂ ತಂತಿ ಜೀವಂತವಾಗಿದೆ! ಹುಡುಕಿದಾಗ ಎರಡು ಸಂಗತಿ ಹೊರಬಿದ್ದುವು. ಮೆಟ್ಟಿಲ ಕೆಳಗೆ ಯು.ಪಿ.ಎಸ್. ಕುಳಿತಿತ್ತು. ಕರೆಂಟು ಹೋದಾಗ ಉಪಕಾರ ಮಾಡುವುದಕ್ಕೆಂದೇ ಇಟ್ಟುಕೊಂಡ ಯಂತ್ರ ಅದು. ಮೇನ್ ಇಳಿದದ್ದನ್ನು ಕಂಡು ಕರೆಂಟು ಹೋಯಿತೆಂದೇ ತಿಳಿದು, ತನ್ನ ಬ್ಯಾಟರಿಯಿಂದ ಫ್ಯಾನಿನ ತಂತಿಗೆ ನಿಷ್ಠೆಯಿಂದ ವಿದ್ಯುತ್ತು ಕಳುಹಿಸುತ್ತಿತ್ತು. ಎರಡನೆಯದು, ಮನೆ ಕಟ್ಟುವಾಗ ವೈರಿಂಗ್ ಮಾಡಿದ ಪುಣ್ಯಾತ್ಮ ಯಾರೋ ಆ ಕೋಣೆಯ ಸ್ವಿಚ್ಚನ್ನು ಫೇಸಿನ ದಾರಿಯಲ್ಲಿ ಇಡದೆ ನ್ಯೂಟ್ರಲ್ಲಿನ ದಾರಿಯಲ್ಲಿ ಇಟ್ಟುಬಿಟ್ಟಿದ್ದ. ಸ್ವಿಚ್ಚು ಆರಿಸಿದರೆ ಫ್ಯಾನು ನಿಲ್ಲುತ್ತಿತ್ತು. ತಂತಿಯ ವಿಷ ಮಾತ್ರ ಇಳಿಯುತ್ತಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಫ್ಯಾನಿನ ಧೂಳು ಒರೆಸಿದವರು ನನ್ನ ನಾದಿನಿ.

ಹುಡುಗನಿಗೆ ಹತ್ತೊಂಬತ್ತು ವರ್ಷ. ಅವನ ಬೆರಳಿಗೂ ಆ ತಂತಿಗೂ ಒಂದು ಗೇಣು ಅಂತರವಿತ್ತು. ಮೇಸ್ತ್ರಿ ಅವನನ್ನು ಬೈಯಲಿಲ್ಲ. ಯು.ಪಿ.ಎಸ್. ಆರಿಸಿ, ಅದರಿಂದ ಹೊರಡುವ ತಂತಿಯನ್ನು ಕಳಚಿ, ಮತ್ತೆ ಟೆಸ್ಟರನ್ನು ಅವನ ಕೈಗೇ ಕೊಟ್ಟರು. ಕೊಡುವ ಮುನ್ನ, “ಮೊದ್ಲು ಕರೆಂಟ್ ಇರೋ ಕಡೆ ಇಟ್ಟು ಟೆಸ್ಟರ್ ನೆಟ್ಟಗೈತಾ ನೋಡ್ಬೇಕು. ಅದು ಕೆಟ್ಟಿದ್ರೂ ದೀಪ ಹತ್ತಾಕಿಲ್ಲ” ಎಂದರು. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ, ಪರೀಕ್ಷಕನನ್ನೇ ಮೊದಲು ಪರೀಕ್ಷೆಗೆ ಕೂಡಿಸಬೇಕೆಂಬ ಈ ಪಾಠ ಬಹಳ ಹಿಡಿಸಿತು. ಅಂದೇ ಸ್ವಿಚ್ಚಿನ ತಂತಿಗಳನ್ನು ಅದಲುಬದಲು ಮಾಡಿ ಸರಿಪಡಿಸಿದ್ದಾಯಿತು. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿ ಸೋರಿದರೂ ತಟ್ಟನೆ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬುದೊಂದನ್ನೂ ಭಾವಮೈದುನ ಹಾಕಿಸಿಕೊಂಡ. ರಿಮೋಟು ನೋಡಲು ಸೇರಿದ್ದ ಅಕ್ಕಪಕ್ಕದ ಮಕ್ಕಳು ಬೇಸತ್ತು ಆಡಲು ಹೊರಟುಹೋಗಿದ್ದರು.

ಕೊನೆಯದು ಗುಬ್ಬಿ. ಗುಬ್ಬಿಯೆಂದರೆ ಕನ್ನಡಿಗರಿಗೆ ವೀರಣ್ಣನವರು, 1884ರಲ್ಲಿ ಹುಟ್ಟಿದ ಅವರ ಕಂಪನಿ. ಆ ರಂಗದ ಮೇಲೆ ಆನೆ ಕುದುರೆಗಳೂ ಬಂದುಹೋದುವು, ಜನ ಬೆರಗಾದರು. ಪರದೆಯ ಹಗ್ಗ ಹಿಡಿದು ನಿಂತವನ ಕಡೆ ಯಾರ ಗಮನವೂ ಹೋಗಿದ್ದಿರಲಾರದು. ನಮ್ಮ ಮನೆ ತೊಲೆ ಜಂತೆಗಳ ಹಳೆಯ ಮಾಳಿಗೆ. ಅಮ್ಮ ಮಲಗುವ ಕೋಣೆಯ ತೊಲೆಗೆ ಒಂದು ತಿರುಪಿನ ಕೊಕ್ಕೆ ಬಿಗಿದು, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ತಂದೆ ಫ್ಯಾನು ಹಾಕಿಸಿದ್ದರು. ಬೀದಿಗೆ ಮೊದಲ ಫ್ಯಾನು ಅದು. ತಂದೆ ಹೋಗಿ ಹನ್ನೊಂದು ವರ್ಷವಾಯಿತು. ಫ್ಯಾನು ಗೊಣಗುತ್ತ ತಿರುಗುತ್ತಲೇ ಇತ್ತು.

ಮೇಸ್ತ್ರಿ ಏಣಿ ಹತ್ತಿ, ತೊಲೆಯನ್ನು ತಿರುಪುಳಿಯ ಹಿಡಿಯಿಂದ ತಟ್ಟುತ್ತ ಹೋದರು. ಒಂದು ಕೊನೆಯಲ್ಲಿ ಗಟ್ಟಿ ಸದ್ದು. ನಡುವೆ ಬಂದಂತೆ ಮೆತ್ತಗೆ. ಗೋಡೆಯೊಳಕ್ಕೆ ಹೋಗುವ ಇನ್ನೊಂದು ಕೊನೆಯಲ್ಲಿ ಡೊಳ್ಳು. ಅಲ್ಲಿ ತಿರುಪುಳಿಯ ಮೊನೆಯನ್ನು ಒತ್ತಿದರೆ ಅದು ಬೂದಿಗೆ ಹೋದಂತೆ ಒಳಕ್ಕೆ ಹೋಯಿತು. ಮಳೆಗಾಲದ ತೇವಕ್ಕೆ ಗೋಡೆಯ ಒಳಗಿನಿಂದ ಗೆದ್ದಲು ಬಂದು, ಹೊರಗಿನ ಬಣ್ಣವನ್ನಷ್ಟೇ ಉಳಿಸಿ ಮರವನ್ನು ತಿಂದಿತ್ತು.

“ಇದಕ್ಕೆ ಹೊಸದು ಹಾಕಾಕಿಲ್ಲ ಸಾರ್. ಹಳೇದ್ನೂ ಇಳಿಸ್ತೀನಿ. ಅಮ್ಮಾವ್ರು ಇವತ್ತು ರಾತ್ರಿ ಇಲ್ಲಿ ಮಲಗೋದು ಬ್ಯಾಡ” ಎಂದರು.

ಅಮ್ಮ ಒಪ್ಪಲಿಲ್ಲ. “ನಿಮ್ಮಪ್ಪ ಹಾಕ್ಸಿದ ಫ್ಯಾನು ಕಣೋ. ಇಷ್ಟು ವರ್ಷ ಬೀಳದ್ದು ಇವತ್ತು ಬೀಳ್ತದಾ? ನಂಗೆ ನಿನ್ ರಿಮೋಟೂ ಬ್ಯಾಡ, ಏನೂ ಬ್ಯಾಡ, ಇದ್ದಂಗೆ ಇರ್ಲಿ ಬಿಡು.” ನಾನು ಹೇಳಿದೆ, ನನ್ನ ಹೆಂಡತಿ ಹೇಳಿದಳು. ಅಮ್ಮ ಮಂಚದ ಮೇಲೆ ಗಟ್ಟಿಯಾಗಿ ಕುಳಿತರು. ಕೊಕ್ಕೆಯ ಭಾರವನ್ನು ಹೇಳಬಹುದು. ನೆನಪಿನ ಭಾರಕ್ಕೆ ಏನು ಹೇಳುವುದು?

ಮೇಸ್ತ್ರಿಯೇ ದಾರಿ ಕಂಡುಹಿಡಿದರು. “ಅಮ್ಮಾ, ನಾನು ತಟ್ತೀನಿ. ನೀವು ಸುಮ್ನೆ ಕಣ್ಮುಚ್ಚಿ ಕೇಳಿ, ಹೆಂಗೈತೆ ಹೇಳಿ” ಎಂದರು. ನಮ್ಮದು ತೆಂಗಿನ ಸೀಮೆ. ರಾಶಿ ಕಾಯಿಯ ಮುಂದೆ ಕುಳಿತು ಒಂದೊಂದನ್ನೂ ಬೆರಳಿನಿಂದ ತಟ್ಟಿ, ಯಾವುದು ಕೊಬ್ಬರಿಗೆ, ಯಾವುದು ಅಡಿಗೆಗೆ, ಯಾವುದು ಕೆಟ್ಟದ್ದು ಎಂದು ವಿಂಗಡಿಸಿದ ಕಿವಿ ಅಮ್ಮನದು. ಕಣ್ಣು ಮುಚ್ಚಿದರು. ಮೇಸ್ತ್ರಿ ಈ ಕೊನೆಯಿಂದ ಆ ಕೊನೆಗೆ ತಟ್ಟುತ್ತ ಹೋದರು. ಡೊಳ್ಳು ಸದ್ದಿನ ಹತ್ತಿರ ಬಂದಾಗ ಅಮ್ಮನ ಹುಬ್ಬು ಗಂಟಿಕ್ಕಿತು. “ಇನ್ನೊಂದ್ಸಲ ತಟ್ಟು” ಎಂದರು. ತಟ್ಟಿದರು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೊಳ್ತಿದೆ ಕಣಪ್ಪಾ. ಇಳ್ಸು” ಎಂದು ಮಂಚದಿಂದ ತಾವೇ ಎದ್ದರು.

ಅದೇ ಸಂಜೆ ಬಡಗಿಯನ್ನು ಕರೆಸಿ ಆ ತೊಲೆಗೆ ಎರಡು ಕಬ್ಬಿಣದ ಕಂಬಗಳ ಆಸರೆ ಕೊಡಿಸಿದೆವು. ತೊಲೆಯನ್ನು ಬದಲಿಸುವ ಕೆಲಸ ಮುಂದಿನ ತಿಂಗಳು ಆಯಿತು. ಅಮ್ಮನ ಮಂಚ ನಡುಮನೆಗೆ ಬಂತು. ಅಲ್ಲಿನ ತೊಲೆ ಗಟ್ಟಿ. ಬಡಗಿಯೂ ತಟ್ಟಿ ನೋಡಿದ, ಅಮ್ಮನೂ ತಟ್ಟಿಸಿ ಕೇಳಿದರು. ಆದರೂ ಮೇಸ್ತ್ರಿ ಅದಕ್ಕೆ ತಿರುಪಿನ ಕೊಕ್ಕೆ ಬಿಗಿಯಲಿಲ್ಲ. ಹಳೆಯ ಮರದಲ್ಲಿ ತಿರುಪು ನಡುಕಕ್ಕೆ ತಾನೇ ದಾರಿ ಮಾಡಿಕೊಂಡು ಹೊರಬರುತ್ತದೆಯಂತೆ. ತೊಲೆಯನ್ನೇ ಸುತ್ತುವರಿದ ದಪ್ಪ ಕಬ್ಬಿಣದ ಪಟ್ಟಿ, ಅದಕ್ಕೆ ಬೋಲ್ಟು, ಅದರಲ್ಲಿ ಕೊಕ್ಕೆ. ಉಕ್ಕಿನ ಹಗ್ಗವನ್ನು ಕೊಕ್ಕೆಗೆ ಹಾಕದೆ ಪಟ್ಟಿಯ ಮೇಲಿನಿಂದ ಬೇರೆಯಾಗಿ ಸುತ್ತಿದರು. ಒಂದು ಕೈಕೊಟ್ಟರೆ ಇನ್ನೊಂದು ಇರಬೇಕಲ್ಲ!

ಈಗ ಅಮ್ಮ ರಿಮೋಟನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ನಡುರಾತ್ರಿ ಏಳುವುದು ತಪ್ಪಿದೆ. ಅವರಿಗೆ ಮೇಸ್ತ್ರಿ ಹೇಳಿಕೊಟ್ಟ ಎರಡು ಮಾತುಗಳನ್ನು ರಿಮೋಟು ಕೊಂಡವರೆಲ್ಲ ಕೇಳಬೇಕಾದದ್ದು. ರಿಮೋಟಿನಿಂದ ನಿಲ್ಲಿಸಿದ ಫ್ಯಾನು ನಿಂತಿದೆಯೇ ಹೊರತು ಸತ್ತಿಲ್ಲ; ಮತ್ತೊಂದು ಅಪ್ಪಣೆಗಾಗಿ ಕಿವಿ ತೆರೆದುಕೊಂಡೇ ಇರುತ್ತದೆ. ಮೊಮ್ಮಗು ಗುಂಡಿ ಒತ್ತಿದರೆ ಸಾಕು. ಕೆಲವು ಫ್ಯಾನುಗಳು ಕರೆಂಟು ಹೋಗಿ ಬಂದಾಗ ತಾವಾಗಿಯೇ ತಿರುಗಲು ಹೊರಡುತ್ತವೆ. ಆದುದರಿಂದ ಧೂಳು ಒರೆಸುವ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಬೇಕು. ತಂತಿಯ ಕೆಲಸವಾದರೆ ಮೇನನ್ನೂ ಯು.ಪಿ.ಎಸ್ಸನ್ನೂ ಇಳಿಸಬೇಕು. ಎರಡನೆಯದು, ಕೆಲವು ರಿಮೋಟಿಗೆ ನಾಣ್ಯದಂಥ ಸಣ್ಣ ಸೆಲ್ಲು ಬರುತ್ತದೆ. ಮಗು ಅದನ್ನು ನುಂಗಿದರೆ ಅನ್ನನಾಳ ಸುಡುತ್ತದೆ. ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅದರ ಮುಚ್ಚಳದ ತಿರುಪು ಸದಾ ಬಿಗಿಯಾಗಿರಲಿ.

ಮೂರು ಊರು ಸುತ್ತಿ ಬಂದ ಮೇಲೆ ಮೇಸ್ತ್ರಿಯ ಚಾಳಿ ನನಗೂ ಅಂಟಿದೆ. ಹೋದ ಮನೆಯಲ್ಲೆಲ್ಲ ಕತ್ತು ಮೇಲಕ್ಕೆ ಹೋಗುತ್ತದೆ. ಜೇಡರ ಬಲೆ ಎಣಿಸುತ್ತಿದ್ದೇನೆಂದು ಕೆಲವರು ಬೇಸರಿಸಿದ್ದಾರೆ. ಕಾಲೇಜಿನಲ್ಲಿ ಒಂದು ದಿನ ಹಳಗನ್ನಡದ ಪದ್ಯ ಓದುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ಮೇಲೆ ನೋಡಿದೆ. ಅರವತ್ತು ವಿದ್ಯಾರ್ಥಿಗಳೂ ಮೇಲೆ ನೋಡಿದರು. “ಏನಿದೆ ಸಾರ್ ಅಲ್ಲಿ?” ಎಂದಳು ಮುಂದಿನ ಸಾಲಿನ ಹುಡುಗಿ. ಅವಳ ತಲೆಯ ಮೇಲಿನ ಫ್ಯಾನು ಓಲಾಡುತ್ತಿತ್ತು. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದುಕೊಟ್ಟೆ. ಶನಿವಾರ ಮಧ್ಯಾಹ್ನ ಮೇಸ್ತ್ರಿ ಬಂದರು. ಆ ಕೊಠಡಿಯಲ್ಲಿ ಎಂಟು ಫ್ಯಾನುಗಳು. ಒಂದೊಂದರ ಬಟ್ಟಲನ್ನೂ ಇಳಿಸಿ ನೋಡಿದರು. ಎರಡಕ್ಕೆ ಸ್ಪ್ಲಿಟ್ ಪಿನ್ ಇರಲಿಲ್ಲ. ಓಲಾಡುತ್ತಿದ್ದುದರ ನಟ್ಟು ಬೋಲ್ಟಿನ ಕೊನೆಯ ಎರಡು ಸುತ್ತಿನಲ್ಲಿ ನಿಂತಿತ್ತು.

ಪಿನ್ನು ಒಂದಕ್ಕೆ ಎಷ್ಟಾಯಿತೆಂದು ಕೇಳಿದೆ. ಮೇಸ್ತ್ರಿ ಲೆಕ್ಕಕ್ಕೆ ಹಿಡಿದಿರಲಿಲ್ಲ.